ಕಾಫಿ ಬೇಡ, ಕೋಲಾ ಪರವಾಗಿಲ್ಲ – ಯಾಕೆ ಅಂತ ಕೇಳುವವರಿಗೆ

ನಾನು ಕಾಫಿ ಬಿಟ್ಟು 14 ವರ್ಷ ಆಯಿತು. ಹಾಸನದಲ್ಲಿ ಹುಟ್ಟಿ ಬೆಳೆದವನಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಮನೆಯಲ್ಲಿ ರಾತ್ರಿ ಮಲಗೋ ಮುಂಚೆ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದು ಇಡೋದು ಬಾಗಿಲಿಗೆ ಚಿಲಕ ಹಾಕಿದಷ್ಟೇ ಮಾಮೂಲಿ ಕೆಲಸ. ಬೆಳಿಗ್ಗೆ ಎದ್ದರೆ ಮೊದಲು ಮೂಗಿಗೆ ಬಡಿಯೋದೇ ಡಿಕಾಕ್ಷನ್ ವಾಸನೆ. ಈಗಲೂ ಆ ವಾಸನೆ ನನಗೆ ತುಂಬಾ ಇಷ್ಟ.

ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಈ ಪ್ರಶ್ನೆ ಸರಿಯಾಗಿ ಎದುರಾಯಿತು. ಬೆಳಿಗ್ಗೆ ದೊಡ್ಡಮ್ಮ ಪ್ರೀತಿಯಿಂದ ತಂದುಕೊಟ್ಟ ಕಾಫಿಯನ್ನು ಬೇಡ ಅಂದಿದ್ದೆ. ಮಧ್ಯಾಹ್ನ ಊಟ ಆದಮೇಲೆ ಛತ್ರದ ಹೊರಗೆ ಹುಡುಗರ ಜೊತೆ ನಿಂತು ಕೋಲಾ ಕುಡೀತಿದ್ದೆ. ದೊಡ್ಡಮ್ಮ ನೋಡಿದರು. ಹತ್ತಿರ ಬಂದು, "ಅಲ್ಲ ಕಣೋ, ನಾನು ಕೊಟ್ಟ ಕಾಫಿ ಬೇಡ ಅಂದೆ. ಇದನ್ನ ಕುಡೀತಿದ್ದೀಯಲ್ಲ. ಅದರಲ್ಲಿರೋದೇ ಇದರಲ್ಲೂ ಇದೆಯಂತೆ ಅಲ್ವಾ?" ಅಂದರು. ಕೋಪದಿಂದ ಕೇಳಿದ್ದಲ್ಲ, ನೊಂದುಕೊಂಡು ಕೇಳಿದ್ದು. ಅವತ್ತು ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಆಮೇಲೆ ಆಫೀಸಿನಲ್ಲಿ, ರೈಲಿನಲ್ಲಿ, ನೆಂಟರ ಮನೆಯಲ್ಲಿ ಎಷ್ಟು ಜನ ಇದೇ ಕೇಳಿದ್ದಾರೋ ಲೆಕ್ಕ ಇಲ್ಲ. ಅದಕ್ಕೇ ಒಂದು ಸಲ ಕೂತು ಪೂರ್ತಿ ಬರೀತಿದ್ದೀನಿ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮಾರ್ಮನ್ ಅನ್ನೋ ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ ಸೇರಿದೆ. ಅದರ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಮಾರ್ಮನ್ ಅನ್ನೋ ಅಡ್ಡಹೆಸರು ಬೇಡ, ಪೂರ್ತಿ ಹೆಸರೇ ಹೇಳಿ ಅಂತ 2018ರಲ್ಲಿ ಸಭೆಯ ಆಗಿನ ಅಧ್ಯಕ್ಷರು ಕೇಳಿಕೊಂಡರು. ಆದರೆ ಜನ ಕೇಳೋದು ಮಾರ್ಮನ್ ಅಂತಲೇ, ಹಾಗಾಗಿ ಇಲ್ಲಿ ಹಾಗೇ ಬರೀತೀನಿ.

ಈಗ ವಿಷಯಕ್ಕೆ ಬರೋಣ. ಎಲ್ಲರೂ ತಿಳಿದುಕೊಂಡಿರೋದು ಕಾಫಿ, ಟೀ, ಕೋಲಾದಲ್ಲಿರೋ ಕೆಫೀನ್ ಅನ್ನೋ ವಸ್ತು ನಮಗೆ ನಿಷಿದ್ಧ ಅಂತ. ಅದು ತಪ್ಪು. ಆ ಪದ ನಮ್ಮ ಗ್ರಂಥದಲ್ಲಿ ಎಲ್ಲೂ ಇಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ ಅನ್ನಬಹುದು. ಕಾಫಿ ಬೀಜದಿಂದ ಕೆಫೀನನ್ನು ಬೇರೆ ಮಾಡಿದ್ದು ಜರ್ಮನಿಯ ರುಂಗೆ ಅನ್ನೋ ರಸಾಯನ ವಿಜ್ಞಾನಿ, 1819ರಲ್ಲಿ. ನಮ್ಮ ನಿಯಮ ಬಂದದ್ದು 1833ರಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಕರ್ಟ್‌ಲೆಂಡ್ ಅನ್ನೋ ಸಣ್ಣ ಊರಲ್ಲಿ. ಅಲ್ಲಿನ ಬೇಸಾಯಗಾರರಿಗೆ ಕಾಫಿ ಗೊತ್ತಿತ್ತು, ಕೆಫೀನ್ ಯಾರಿಗೆ ಗೊತ್ತಿತ್ತು?

ಆ ಊರಲ್ಲಿ ನ್ಯೂವೆಲ್ ವಿಟ್ನಿ ಅನ್ನುವವರ ಅಂಗಡಿ. ಅದರ ಮಹಡಿಯ ಮೇಲೆ ಒಂದು ಚಿಕ್ಕ ಕೋಣೆ. ಅಲ್ಲಿ ನಮ್ಮ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಗಂಡಸರನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಬಂದವರು ಮೊದಲು ಪೈಪು ಹಚ್ಚುತ್ತಿದ್ದರು. ಹೊಗೆ ತುಂಬಿ ಎದುರಿನವರ ಮುಖ ಕಾಣಿಸುತ್ತಿರಲಿಲ್ಲ. ಹೊಗೆಸೊಪ್ಪು ಅಗಿದು ನೆಲದ ಮೇಲೇ ಉಗಿಯುತ್ತಿದ್ದರು. ಅದನ್ನು ತೊಳೆಯುವ ಪಾಡು ಜೋಸೆಫರ ಹೆಂಡತಿ ಎಮ್ಮಾ ಅವರದ್ದು. ಅವರು ಬೇಸರ ಹೇಳಿಕೊಂಡರು, ಜೋಸೆಫ್ ದೇವರನ್ನು ಕೇಳಿದರು, ಉತ್ತರ ಬಂತು. ಈ ಕಥೆಯನ್ನು 35 ವರ್ಷ ಆದಮೇಲೆ, 1868ರಲ್ಲಿ, ಎರಡನೇ ಅಧ್ಯಕ್ಷ ಬ್ರಿಗ್ಯಾಮ್ ಯಂಗ್ ಹೇಳಿದ್ದು. ಅಷ್ಟು ತಡವಾಗಿ ಹೇಳಿದ ಕಥೆ ಅನ್ನೋದು ನೆನಪಿರಲಿ. ಆದರೂ ನನಗೆ ಅದು ನಿಜ ಅನ್ನಿಸುತ್ತದೆ. ಗಂಡಸರು ಉಗಿದದ್ದನ್ನು ಮನೆ ಹೆಂಗಸು ಬಗ್ಗಿ ತೊಳೆಯೋದು ನಮಗೇನು ಹೊಸದಾ?

1833ರ ಫೆಬ್ರವರಿ 27ರಂದು ಬಂದ ಆ ಉತ್ತರ ಡಾಕ್ಟ್ರಿನ್ ಅಂಡ್ ಕವನೆಂಟ್ಸ್ ಅನ್ನೋ ನಮ್ಮ ಗ್ರಂಥದ 89ನೇ ಭಾಗ. ಅದನ್ನು ವರ್ಡ್ ಆಫ್ ವಿಸ್ಡಮ್ ಅಂತಾರೆ, ವಿವೇಕದ ಮಾತು ಅನ್ನಬಹುದು. ವೈನ್ ಬೇಡ, ಕಡಕ್ ಮದ್ಯ ಬೇಡ, ಹೊಗೆಸೊಪ್ಪು ಬೇಡ ಅಂತ ಅದರಲ್ಲಿ ಇದೆ. ಮಾಂಸ ಮಿತವಾಗಿರಲಿ, ಧಾನ್ಯ, ಹಣ್ಣು, ಸೊಪ್ಪು ತಿನ್ನಿ ಅಂತ ಇದೆ. ಕುಡಿಯೋದರ ಬಗ್ಗೆ ಇನ್ನೊಂದು ಚಿಕ್ಕ ಮಾತು ಇದೆ. ಬಿಸಿ ಪಾನೀಯಗಳು ದೇಹಕ್ಕೂ ಹೊಟ್ಟೆಗೂ ಅಲ್ಲ. ಅಷ್ಟೇ. ಈ "ಬಿಸಿ ಪಾನೀಯ" ಅನ್ನೋ ಎರಡು ಪದದ ಮೇಲೇ ಸುಮಾರು 190 ವರ್ಷದಿಂದ ಚರ್ಚೆ ನಡೀತಿದೆ.

ಬಿಸಿ ಅಂದರೆ ಏನು? ಬಿಸಿನೀರು? ಸಾರು? ನಮ್ಮ ಕಡೆ ಕಾಫಿ ಉಷ್ಣ, ಮಜ್ಜಿಗೆ ತಂಪು ಅಂತೀವಲ್ಲ, ಅದಕ್ಕೂ ಲೋಟದ ಬಿಸಿಗೂ ಸಂಬಂಧ ಇಲ್ಲ. ಆ ಕಾಲದ ಅಮೆರಿಕದಲ್ಲೂ ಸ್ವಲ್ಪ ಹೀಗೇ ಮಾತಾಡುತ್ತಿದ್ದರು. ಮದ್ಯ, ಮಸಾಲೆ, ಟೀ, ಕಾಫಿ ಎಲ್ಲ ಮೈಯನ್ನು ಕೆರಳಿಸುತ್ತವೆ ಅನ್ನೋ ಪ್ರಚಾರ ಜೋರಾಗಿತ್ತು. ಸುಡುಸುಡು ಕುಡಿದರೆ ಹೊಟ್ಟೆ ಕೆಡುತ್ತದೆ ಅನ್ನುವವರೂ ಇದ್ದರು. ಆದರೆ ದಿನಾ ಬಿಸಿ ಮಾಡಿ ಕುಡಿಯುತ್ತಿದ್ದದ್ದು ಮುಖ್ಯವಾಗಿ ಟೀ ಮತ್ತು ಕಾಫಿ. ಜೋಸೆಫರ ಅಣ್ಣ ಹೈರಮ್ 1842ರಲ್ಲಿ ಬಿಸಿ ಪಾನೀಯ ಅಂದರೆ ಟೀ, ಕಾಫಿ ಅಂತಲೇ ಬಿಡಿಸಿ ಹೇಳಿದರು. ಇವತ್ತಿಗೂ ನಾವು ಹಿಡಿದುಕೊಂಡಿರೋದು ಅದೇ ಅರ್ಥ. ಹಾಗಾಗಿ ದೊಡ್ಡಮ್ಮನ ಪ್ರಶ್ನೆಗೆ ನೇರ ಉತ್ತರ ಇಷ್ಟೇ. ನಿಯಮ ಬೇಡ ಅನ್ನೋದು ಎರಡು ಗಿಡವನ್ನು, ಒಂದು ರಾಸಾಯನಿಕವನ್ನಲ್ಲ.

ನೇರ ಉತ್ತರ ಇದಾದರೂ ಕೇಳಿದವರಿಗೆ ಸಮಾಧಾನ ಆಗಲ್ಲ, ನನಗೂ ಮೊದಲು ಆಗಿರಲಿಲ್ಲ. ಯಾಕಂದರೆ ಇವತ್ತು ನಾವು ಪಾಲಿಸೋ ಹಾಗೆ ಮೊದಲಿನವರು ಪಾಲಿಸಲೇ ಇಲ್ಲ. ಆ ಭಾಗದ ಶುರುವಿನಲ್ಲೇ ಇದು ಆಜ್ಞೆಯಾಗಿ ಅಲ್ಲ, ಬಲವಂತವಾಗಿಯೂ ಅಲ್ಲ ಅಂತ ಬರೆದಿದೆ. ಸಲಹೆ ಅಂತಲೇ ಜನ ತಗೊಂಡರು. 1845ರಲ್ಲಿ ನಮ್ಮ ಸಭೆಯವರು ಇಲಿನಾಯ್ ರಾಜ್ಯದ ನಾವೂ (Nauvoo) ಅನ್ನೋ ಊರಿಂದ ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೊರಡೋ ಮುಂಚೆ ಅವರ ಪತ್ರಿಕೆಯಲ್ಲಿ ಒಂದು ಪಟ್ಟಿ ಬಂತು, ಒಂದು ಕುಟುಂಬಕ್ಕೆ ಏನೇನು ಸಾಮಾನು ಬೇಕು ಅಂತ. 1,000 ಪೌಂಡ್ ಹಿಟ್ಟು, 100 ಪೌಂಡ್ ಸಕ್ಕರೆ, 5 ಪೌಂಡ್ ಕಾಫಿ, 1 ಪೌಂಡ್ ಟೀ! ಮೊದಲ ಸಲ ಈ ಪಟ್ಟಿ ಓದಿದಾಗ ನಾನು ಎರಡು ದಿನ ಅದನ್ನೇ ಯೋಚನೆ ಮಾಡಿದೆ. ನಾನು ದೊಡ್ಡಮ್ಮನ ಕೈಯಿಂದ ತಗೊಳ್ಳದ ಕಾಫಿಯನ್ನು ನನ್ನ ನಂಬಿಕೆಯ ಹಿರಿಯರು ಗಾಡಿಯಲ್ಲಿ ತುಂಬಿಕೊಂಡು ಹೋಗಿದ್ದರು.

ಪಶ್ಚಿಮದ ಯೂಟಾ ಪ್ರದೇಶ ಮುಟ್ಟಿದ ಮೇಲೂ ಹಾಗೇ. ಬ್ರಿಗ್ಯಾಮ್ ಯಂಗ್ ಆಗಾಗ ಟೀ, ಕಾಫಿ, ಹೊಗೆಸೊಪ್ಪು ಬಿಡಿ ಅಂತ ಬೈದು ಹೇಳುತ್ತಿದ್ದರು. ಅದರಲ್ಲಿ ಆರೋಗ್ಯ, ಭಕ್ತಿ ಇದ್ದಷ್ಟೇ ಹಣದ ಲೆಕ್ಕವೂ ಇತ್ತು. ಆ ಮರಳುಗಾಡಿನಲ್ಲಿ ಕಾಫಿ, ಟೀ ಬೆಳೆಯಲ್ಲ. ಎಲ್ಲ ಹೊರಗಿಂದ ಬರಬೇಕು, ಕೈಯಲ್ಲಿದ್ದ ನಗದು ಹೊರಗೆ ಹೋಗಬೇಕು. 1869ರಲ್ಲಿ ರೈಲು ಬಂದಾಗ ಈ ಚಿಂತೆ ಇನ್ನೂ ಜಾಸ್ತಿಯಾಯಿತು. ನಮ್ಮ ಅಜ್ಜಂದಿರು ಪರದೇಶದ ಬಟ್ಟೆ ಬೇಡ ಅಂದರಲ್ಲ, ಹಾಗೆಯೇ ಅಂತ ಹೇಳಿದರೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ.

ವೈನ್ ಕಥೆ ಇನ್ನೂ ಆಶ್ಚರ್ಯ. 1861ರಲ್ಲಿ ಬ್ರಿಗ್ಯಾಮ್ ಯಂಗ್ ನೂರಾರು ಕುಟುಂಬಗಳನ್ನು ಯೂಟಾದ ದಕ್ಷಿಣದ ಬಿಸಿಲು ಸೀಮೆಗೆ ಕಳಿಸಿದರು. ಸೇಂಟ್ ಜಾರ್ಜ್ ಅನ್ನೋ ಊರು ಎದ್ದಿದ್ದು ಹಾಗೆ. ಹತ್ತಿ ಬೆಳೀರಿ ಅಂದರು, ಅದರ ಜೊತೆಗೆ ದ್ರಾಕ್ಷಿ ಬೆಳೆದು ವೈನ್ ಮಾಡಿ ಅಂತಲೂ ಅಂದರು. ಹೊರಗಿನವರಿಗೆ ಮಾರೋಕೆ ಮತ್ತು ನಮ್ಮ ಪ್ರಭುಭೋಜನದ ವಿಧಿಗೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ವೈನ್ ಹಂಚೋ ವಿಧಿಗೆ. ಹತ್ತಿರದ ಟೋಕರ್‌ವಿಲ್‌ನಲ್ಲಿ ದೊಡ್ಡ ದ್ರಾಕ್ಷಾರಸದ ಮನೆಯೇ ಇತ್ತು. ಜನ ತಮ್ಮ ದಶಮಾಂಶ ಕಾಣಿಕೆಯನ್ನೂ ವೈನ್ ರೂಪದಲ್ಲಿ ತಂದು ಕೊಡುತ್ತಿದ್ದರು. ಮಾರೋಕೆ ಮಾಡಿದ್ದನ್ನು ಮಾಡಿದವರೇ ಕುಡಿಯೋಕೆ ಶುರು ಮಾಡಿದರು ಅನ್ನೋದು ಸಮಸ್ಯೆಯಾಯಿತು. ನಿಧಾನಕ್ಕೆ ಅದು ನಿಂತುಹೋಯಿತು. 20ನೇ ಶತಮಾನದ ಶುರುವಿನಲ್ಲಿ ಪ್ರಭುಭೋಜನಕ್ಕೂ ವೈನ್ ಹೋಗಿ ನೀರು ಬಂತು. ಬೆಂಗಳೂರಿನ ನಮ್ಮ ಸಭೆಯಲ್ಲಿ ಭಾನುವಾರ ಹುಡುಗರು ಬ್ರೆಡ್ಡಿನ ಚೂರು, ಆಮೇಲೆ ಹೆಬ್ಬೆಟ್ಟಿನಷ್ಟು ಪುಟ್ಟ ಲೋಟಗಳಲ್ಲಿ ನೀರು ತರುತ್ತಾರೆ. ಒಂದು ಗುಟುಕು ಸಾದಾ ನೀರು. ಇಡೀ ವಾರದಲ್ಲಿ ನಾನು ಕುಡಿಯೋದರಲ್ಲಿ ನನಗೆ ಅದಕ್ಕಿಂತ ದೊಡ್ಡದು ಇಲ್ಲ.

ಸಲಹೆ ನಿಯಮವಾಗಿ ಗಟ್ಟಿಯಾದದ್ದು ಹೀಬರ್ ಗ್ರಾಂಟ್ ಕಾಲದಲ್ಲಿ. ಅವರು 1918ರಲ್ಲಿ ಅಧ್ಯಕ್ಷರಾದರು. ಆಗ ಅಮೆರಿಕದಲ್ಲೆಲ್ಲ ಪಾನನಿಷೇಧದ ಗಾಳಿ, 1920ರಲ್ಲಿ ದೇಶಕ್ಕೇ ಕಾನೂನು ಬಂತು. 1921ರಲ್ಲಿ ನಮ್ಮ ಸಭೆ ತೀರ್ಮಾನ ಮಾಡಿತು. ದೇವಾಲಯದ (ಇದು ಭಾನುವಾರ ಸೇರೋ ಜಾಗ ಅಲ್ಲ, ವಿಶೇಷ ವಿಧಿಗಳಿಗಿರೋ ಪವಿತ್ರ ಮನೆ) ಒಳಗೆ ಹೋಗಬೇಕು ಅಂದರೆ ಮದ್ಯ, ತಂಬಾಕು, ಟೀ, ಕಾಫಿ ಬಿಟ್ಟಿರಬೇಕು. ಅಲ್ಲಿಯವರೆಗೆ ಮುದುಕರ ಪೈಪನ್ನೂ ಅಜ್ಜಿಯರ ಟೀಯನ್ನೂ ಕಂಡೂ ಕಾಣದ ಹಾಗೆ ಬಿಡುತ್ತಿದ್ದರು. ಗ್ರಾಂಟ್ ಪಾನನಿಷೇಧಕ್ಕಾಗಿ ಎಷ್ಟು ದುಡಿದರೋ, ಕೊನೆಗೆ 1933ರ ಡಿಸೆಂಬರ್ 5ರಂದು ಅದನ್ನು ತೆಗೆದುಹಾಕೋಕೆ ಬೇಕಾಗಿದ್ದ 36ನೇ ರಾಜ್ಯವಾಗಿ ಓಟು ಹಾಕಿದ್ದು ಯೂಟಾನೇ. ವಿವೇಕದ ಮಾತು ಬಂದು ಸರಿಯಾಗಿ 100ನೇ ವರ್ಷ ಅದು. ಗ್ರಾಂಟ್ ಅವರಿಗೆ ಎಷ್ಟು ನೋವಾಗಿರಬೇಕು ಅಂತ ನಾನು ಯೋಚಿಸಿದ್ದೀನಿ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೋಲಾ ಜಗಳವೂ ಶುರುವಾಯಿತು. 1918ರಲ್ಲಿ ಯೂಟಾ ವಿಶ್ವವಿದ್ಯಾಲಯದ ಫ್ರೆಡೆರಿಕ್ ಪ್ಯಾಕ್ ಅನ್ನೋ ಪ್ರೊಫೆಸರ್ ಸಭೆಯ ಪತ್ರಿಕೆಯಲ್ಲಿ ಬರೆದರು. ಟೀ, ಕಾಫಿಯಲ್ಲಿರೋ ಕೆಫೀನೇ ಕೋಕಾ-ಕೋಲಾದಲ್ಲೂ ಇದೆ, ಆದ್ದರಿಂದ ಅದನ್ನೂ ಬಿಡಬೇಕು ಅಂತ. ನೋಡಿ, ದೊಡ್ಡಮ್ಮನ ವಾದ ನೂರು ವರ್ಷದ ಹಿಂದೆಯೇ ಬಂದಿತ್ತು! 1922ರಲ್ಲಿ ಗ್ರಾಂಟ್ ಕೂಡ, ಇದು ಆಜ್ಞೆ ಅಲ್ಲ, ನನಗೋಸ್ಕರ ಕೋಕಾ-ಕೋಲಾ ಬಿಡಿ ಅಂತ ಕೇಳಿಕೊಂಡರು. ಕಂಪನಿಯವರು ಬಂದು, ಒಂದು ಕಪ್ ಕಾಫಿಯಲ್ಲಿ ಇದರ ನಾಲ್ಕೈದು ಪಟ್ಟು ಕೆಫೀನ್ ಇರುತ್ತೆ ಸ್ವಾಮಿ ಅಂತ ವಿವರಿಸಿದರು. ಅಷ್ಟು ಕಡಿಮೆಯಿಂದ ತೊಂದರೆ ಇಲ್ಲ ಅನ್ನೋದಾದರೆ ಬಿಡಿ ಅನ್ನೋಕೆ ನನಗೇನೂ ಆಸೆ ಇಲ್ಲ ಅಂತ ಗ್ರಾಂಟ್ ಸುಮ್ಮನಾದರು.

ಅಲ್ಲಿಂದ ಮುಂದೆ ನಿಯಮ ಒಂದು ಕಡೆ, ಅಭ್ಯಾಸ ಒಂದು ಕಡೆ. ನಿಯಮದಲ್ಲಿ ಕೋಲಾ ಬರಲೇ ಇಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಅದು ಪಾಪದ ವಸ್ತುವಾಯಿತು. 1972ರಲ್ಲಿ ಬಂದ ಸೂಚನೆ ಕೂಡ ಕೋಲಾ ಬಗ್ಗೆ ಸಭೆ ಅಧಿಕೃತವಾಗಿ ಏನೂ ಹೇಳಿಲ್ಲ, ಆದರೆ ಚಟ ಹತ್ತಿಸುವ ಹಾನಿಕರ ವಸ್ತು ಇರೋ ಪಾನೀಯ ಬೇಡ ಅಂತಷ್ಟೇ ಅಂದಿತು. ಓದಿದವರು ಅವರವರಿಗೆ ಬೇಕಾದ ಅರ್ಥ ತಗೊಂಡರು. ಸಭೆಯದ್ದೇ ಆದ ಬ್ರಿಗ್ಯಾಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಕೆಫೀನ್ ಇರೋ ಕೋಲಾ ಮಾರಲೇ ಇಲ್ಲ. ನಮ್ಮ ಸಭೆಯವರೇ ಆದ ಮಿಟ್ ರಾಮ್ನಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ 2012ರಲ್ಲಿ ಟೀವಿಯವರು ಮಾರ್ಮನ್ನರಿಗೆ ಕೆಫೀನ್ ನಿಷಿದ್ಧ ಅಂತ ತೋರಿಸಿದಾಗ ಸಭೆ ಸ್ಪಷ್ಟವಾಗಿ ಹೇಳಿತು. ಬಿಸಿ ಪಾನೀಯದ ಮಾತು ಟೀ, ಕಾಫಿ ದಾಟಿ ಹೋಗಲ್ಲ ಅಂತ. 2017ರ ಸೆಪ್ಟೆಂಬರಿನಲ್ಲಿ ಆ ವಿಶ್ವವಿದ್ಯಾಲಯದಲ್ಲೂ ಕೋಲಾ ಬಂತು.

ಇವತ್ತು ಯೂಟಾದಲ್ಲಿ ಬೀದಿಬೀದಿಗೂ ಸೋಡಾ ಅಂಗಡಿ. ಕೋಲಾಗೆ ತೆಂಗಿನ ಸಿರಪ್, ಕೆನೆ, ನಿಂಬೆ ಬೆರೆಸಿ ಕೊಡುತ್ತಾರೆ, ಡರ್ಟಿ ಸೋಡಾ ಅಂತ ಹೆಸರು. ಆ ಅಲೆ ಎಬ್ಬಿಸಿದ ಸ್ವಿಗ್ ಅನ್ನೋ ಅಂಗಡಿ 2010ರಲ್ಲಿ ಶುರುವಾದದ್ದು ಎಲ್ಲಿ ಗೊತ್ತಾ? ಅದೇ ಸೇಂಟ್ ಜಾರ್ಜ್ ಊರಲ್ಲಿ. ಒಂದೂವರೆ ಶತಮಾನದ ಹಿಂದೆ ಅಧ್ಯಕ್ಷರ ಮಾತಿನ ಮೇಲೆ ವೈನ್ ಮಾಡುತ್ತಿದ್ದ ಊರು.

ಕೋಲಾ ಸಡಿಲ ಆಯಿತು ಅಂತ ಎಲ್ಲ ಸಡಿಲ ಆಗಲಿಲ್ಲ. 2019ರ ಆಗಸ್ಟಿನಲ್ಲಿ ಸಭೆಯ ಯುವಕರ ಪತ್ರಿಕೆ ಹೊಸ ಕಾಲದ ಪ್ರಶ್ನೆಗಳಿಗೆ ಉತ್ತರ ಕೊಟ್ಟಿತು. ಗ್ರೀನ್ ಟೀ ಆಗಬಹುದಾ? ಇಲ್ಲ, ಅದೂ ಅದೇ ಗಿಡದ ಎಲೆ. ಐಸ್ ಹಾಕಿದ ಕಾಫಿ? ಇಲ್ಲ, ತಣ್ಣಗಾದರೂ ಕಾಫಿ ಕಾಫಿಯೇ. ನಮ್ಮ ಆಫೀಸಿನಲ್ಲಿ ಎಲ್ಲರ ಮೇಜಿನ ಮೇಲೂ ಗ್ರೀನ್ ಟೀ ಪೊಟ್ಟಣ ಇರೋ ಕಾಲ ಅದು. "ಇದು ಆರೋಗ್ಯಕ್ಕೆ ಒಳ್ಳೇದು, ಇದಾದ್ರೂ ತಗೋಳಿ" ಅಂತ ಸಹೋದ್ಯೋಗಿಯೊಬ್ಬರು ಕೊಟ್ಟಾಗ ಆ ಪುಟ ತೋರಿಸಿದ್ದೆ.

ಅದೇ ವರ್ಷ ಹಾಸನಕ್ಕೆ ಹೋದಾಗ ನನಗೆ ಜೋರು ನೆಗಡಿ. ದೊಡ್ಡಮ್ಮ ಒಲೆ ಮುಂದೆ ನಿಂತು ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಕುಟ್ಟಿ, ಬೆಲ್ಲ ಹಾಕಿ ಕುದಿಸಿ ಕಷಾಯ ಮಾಡಿದರು. ಕೊನೆಗೆ ಒಂದು ಚೂರು ಹಾಲು. ಹೊಗೆಯಾಡೋ ಲೋಟ ಹಿಡಿದು ಬಂದು ಬಾಗಿಲಲ್ಲೇ ನಿಂತುಬಿಟ್ಟರು. "ಬಿಸಿದು ಕುಡಿಯಲ್ಲ ಅಂತ ಹೇಳಿದ್ಯಲ್ಲೋ. ಇದು ಸುಡ್ತಾ ಇದೆ. ಆಗುತ್ತಾ?" ಅಂದರು. ಆಗುತ್ತೆ ದೊಡ್ಡಮ್ಮ ಅಂದೆ. ಮಂಜಿನಷ್ಟು ತಣ್ಣಗಿರೋ ಕಾಫಿ ಆಗಲ್ಲ, ನಾಲಿಗೆ ಸುಡೋ ಕಷಾಯ ಆಗುತ್ತೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ, "ಹೋಗ್ಲಿ ಬಿಡು, ನಮ್ಮ ಏಕಾದಶಿಗೂ ಅನ್ನ ಆಗಲ್ಲ, ಅವಲಕ್ಕಿ ಆಗುತ್ತೆ, ಎರಡೂ ಭತ್ತದ್ದೇ" ಅಂದರು. ನಾನು ಅಷ್ಟು ವರ್ಷ ಹುಡುಕುತ್ತಿದ್ದ ಉತ್ತರವನ್ನು ಅವರೇ ಕೊಟ್ಟರು.

ಹೌದು, ನಿಯಮದ ಅರ್ಥ ಬದಲಾಗುತ್ತಾ ಬಂದಿದೆ. ಅದನ್ನು ಮುಚ್ಚಿಡೋಕೆ ನನಗೆ ಇಷ್ಟ ಇಲ್ಲ. ಅದೇ 89ನೇ ಭಾಗದಲ್ಲಿ ಮಾಂಸ ಮಿತವಾಗಿ, ಚಳಿಗಾಲಕ್ಕೋ ಬರಗಾಲಕ್ಕೋ ಇಟ್ಟುಕೊಂಡರೆ ದೇವರಿಗೆ ಸಂತೋಷ ಅಂತ ಇದೆ. ಅದರ ಬಗ್ಗೆ ಯಾರನ್ನೂ ಯಾರೂ ಪ್ರಶ್ನೆ ಮಾಡಲ್ಲ. ಸಸ್ಯಾಹಾರಿಯಾದ ನನ್ನ ಅಮ್ಮ ಆ ಸಾಲು ಓದಿಸಿಕೊಂಡು, "ಇದನ್ನ ಯಾಕೆ ಬಿಟ್ರಿ?" ಅಂತ ಕೇಳಿದ್ದಾರೆ. ಅಮ್ಮನ ಪ್ರಶ್ನೆ ಸರಿ ಅಂತಲೇ ನನ್ನ ಅಭಿಪ್ರಾಯ. ನಾವು ಕಾಫಿಯ ಮೇಲೆ ಇಟ್ಟಷ್ಟು ಕಣ್ಣನ್ನು ಆ ಸಾಲಿನ ಮೇಲೆ ಇಟ್ಟಿಲ್ಲ. ಹಾಗೆಯೇ ಬಾರ್ಲಿಯಿಂದ ಮೃದು ಪಾನೀಯ ಮಾಡಬಹುದು ಅಂತಲೂ ಅಲ್ಲಿ ಇದೆ, ಅದು ಬಿಯರ್ ಅಂತ ಓದಿಕೊಂಡ ಕಾಲವೂ ಇತ್ತು.

ನಮ್ಮವರೇ ಕೆಲವರು ಕಾಫಿ ವಿಷ, ಅದಕ್ಕೇ ಬಿಟ್ಟಿದ್ದೀವಿ ಅಂತ ವಾದ ಮಾಡುತ್ತಾರೆ. ನಾನು ಹಾಗೆ ಹೇಳಲ್ಲ. ದಿನಾ ಎರಡು ಲೋಟ ಕಾಫಿ ಕುಡಿದು 88 ವರ್ಷ ಗಟ್ಟಿಯಾಗಿ ಬದುಕಿದ ಅಜ್ಜನನ್ನು ನಾನು ನೋಡಿದ್ದೀನಿ. ಆರೋಗ್ಯದ ಲೆಕ್ಕ ಹಾಕಿದರೆ ಸಕ್ಕರೆ ಸುರಿದ ದೊಡ್ಡ ಲೋಟದ ಸೋಡಾಕ್ಕಿಂತ ಒಂದು ಲೋಟ ಕಾಫಿ ವಾಸಿ. ನಾನು ಬಿಟ್ಟಿರೋದು ಅದು ಕೆಟ್ಟದ್ದು ಅಂತ ಅಲ್ಲ. ದೀಕ್ಷಾಸ್ನಾನದ ದಿನ ದೇವರಿಗೆ ಮಾತು ಕೊಟ್ಟಿದ್ದೀನಿ. ಆ ಮಾತಿನಲ್ಲಿ ಇವತ್ತಿಗೆ ಏನು ಸೇರಿದೆಯೋ ಅದನ್ನು ಇಟ್ಟುಕೊಳ್ಳುತ್ತೀನಿ. ದೇವಾಲಯಕ್ಕೆ ಹೋಗೋ ಮುಂಚೆ ಬಿಷಪ್ ಎದುರು ಕೂತಾಗ ಅವರು ಒಂದೇ ವಾಕ್ಯ ಕೇಳುತ್ತಾರೆ, ವಿವೇಕದ ಮಾತನ್ನು ಅರ್ಥ ಮಾಡಿಕೊಂಡು ಪಾಲಿಸುತ್ತೀರಾ ಅಂತ. ಎಷ್ಟು ಕೋಲಾ ಕುಡಿದೆ, ಎಷ್ಟು ಮಾಂಸ ತಿಂದೆ ಅಂತ ಕೇಳಲ್ಲ. ಹೌದು ಅಂತೀನಿ. ಆ ಒಂದು ಹೌದು ಅನ್ನೋಕೆ 14 ವರ್ಷದ ಬೆಳಗುಗಳು ಇವೆ. ಬೆಂಗಳೂರಿಗೇ ದೇವಾಲಯ ಬರುತ್ತೆ ಅಂತ 2018ರ ಏಪ್ರಿಲ್‌ನಲ್ಲಿ ಘೋಷಣೆ ಆದಾಗ ನಾವು ಎಷ್ಟೋ ಜನ ಅತ್ತುಬಿಟ್ಟೆವು. ದೇವಾಲಯಕ್ಕಾಗಿ ನಾವು ದೇಶ ಬಿಟ್ಟು ಹೋಗಬೇಕಿತ್ತು. 2020ರ ಡಿಸೆಂಬರಿನಲ್ಲಿ ಭೂಮಿಪೂಜೆಯೂ ಆಯಿತು.

ಕೊನೆಗೆ, ಜಾಸ್ತಿ ಬರೋ ಇನ್ನೊಂದು ಪ್ರಶ್ನೆ. ನಿಮ್ಮಂಥವರು ಮನೆಗೆ ಬಂದರೆ ಏನು ಕೊಡಬೇಕು? ಕಾಫಿ, ಟೀ, ಗ್ರೀನ್ ಟೀ, ಲೆಮನ್ ಟೀ ಬೇಡ. ಕೆಫೀನ್ ತೆಗೆದ ಕಾಫಿಯನ್ನೂ ನಾನು ಕುಡಿಯಲ್ಲ. ಕೊಂಬುಚಾ ಅನ್ನೋ ಹುಳಿ ಪಾನೀಯವನ್ನು ಟೀಯಿಂದ ಮಾಡೋದು, ಅದರ ಬಗ್ಗೆ ನಮ್ಮಲ್ಲೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನಾನು ದೂರ ಇದ್ದೀನಿ. ಕಷಾಯ, ರಾಗಿ ಮಾಲ್ಟ್, ಬಾದಾಮಿ ಹಾಲು, ಮಜ್ಜಿಗೆ, ಪಾನಕ ಏನು ಕೊಟ್ಟರೂ ಖುಷಿಯಿಂದ ಕುಡಿಯುತ್ತೀವಿ. ಮನೆಯಲ್ಲಿ ಏನೂ ಇಲ್ಲ ಅಂತ ಗಾಬರಿ ಬೇಡ. ಹಳೇ ಕಾಲದಲ್ಲಿ ಕೊಡುತ್ತಿದ್ದ ಹಾಗೆ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಟ್ಟರೂ ಸಾಕು.